ಹಳೇ ಕಾರಿನ ಮುಂದಿನ ಚಕ್ರ ಕಾಯ್ತಿದ್ಯಾ, ಒಂದ್ಕಡೆ ಎಳೀತಿದ್ಯಾ? ಪ್ಯಾಡ್ ತಗೊಳೋ ಮುಂಚೆ ಕ್ಯಾಲಿಪರ್ ನೋಡಿ

ನಮ್ಮನೇಲಿರೋದು 2004ರ ಮಾರುತಿ 800, ಅಪ್ಪ ತಗೊಂಡಿದ್ದು. ವಾರದಲ್ಲಿ ಎರಡು ದಿನ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಹೋಗಿ ಬರುತ್ತೆ, ಮಿಕ್ಕ ದಿನ ಮನೆ ಮುಂದೆ ಹೊಂಗೆ ಮರದ ಕೆಳಗೆ ಧೂಳು ಕುಡೀತಾ ನಿಂತಿರುತ್ತೆ. ಇಷ್ಟೇ ಓಡೋ ಗಾಡಿಗೆ ಒಂದೂವರೆ ವರ್ಷದಲ್ಲಿ ಮೂರು ಸಲ ಮುಂದಿನ ಬ್ರೇಕ್ ಪ್ಯಾಡ್ ಹಾಕ್ಸಿದೀನಿ. ಪ್ರತಿ ಸಲಾನೂ ಎಡಗಡೆ ಚಕ್ರದ ಒಳಗಿನ ಪ್ಯಾಡೇ ತಗಡಿಗೆ ಬಂದಿರೋದು, ಪ್ರತಿ ಸಲಾನೂ "ಪ್ಯಾಡ್ ಕ್ವಾಲಿಟಿ ಸರಿ ಇಲ್ಲ ಸಾರ್, ಈ ಸಲ ಒಳ್ಳೇದು ಹಾಕ್ತೀನಿ" ಅನ್ನೋ ಅದೇ ಮಾತು, ನಾನೂ ಹೂಂ ಅಂದ್ಕೊಂಡು ದುಡ್ಡು ಕೊಟ್ಟು ಬರ್ತಿದ್ದೆ.

ನಾಲ್ಕನೇ ಸಲ ಬೇರೆ ಕಡೆ ಹೋದೆ. ಅಲ್ಲಿದ್ದ ವಯಸ್ಸಾದ ಮೇಸ್ತ್ರಿ ಪ್ಯಾಡ್ ಕಡೆ ನೋಡ್ಲೇ ಇಲ್ಲ, ಪ್ಯಾಡುಗಳನ್ನ ಇಕ್ಕಳದ ಥರ ಹಿಡಿದು ಚಕ್ರದ ಜೊತೆ ತಿರುಗೋ ತಟ್ಟೆಗೆ (ಅದೇ ಡಿಸ್ಕ್) ಒತ್ತೋ ಕ್ಯಾಲಿಪರ್‌ನ ಎರಡು ಕೈಲೂ ಹಿಡ್ಕೊಂಡು ಒಳಗೆ ಹೊರಗೆ ಆಡಿಸಕ್ಕೆ ನೋಡಿದ್ರು, ಜಪ್ಪಯ್ಯ ಅಂದ್ರೂ ಅದು ಅಲ್ಲಾಡ್ಲಿಲ್ಲ. "ಪ್ಯಾಡ್ ಏನಪ್ಪ ಮಾಡುತ್ತೆ ಪಾಪ, ಪಿನ್ನು ಹಿಡ್ಕೊಂಡಿದೆ" ಅಂದ್ರು. ಅರ್ಧ ಗಂಟೆ ಕೆಲಸ, ಒಂದು ಚೂರು ಗ್ರೀಸು, ಪಿನ್ನಿಗೆ ಧೂಳು ನೀರು ಹೋಗದಂಗೆ ಮುಚ್ಚೋ ಎರಡು ರಬ್ಬರ್ ಬೂಟು. ಅವತ್ತಿಂದ ಈ ಕೆಲಸ ನಾನೇ ಮಾಡ್ಕೊಳ್ತಿದೀನಿ, ಕಲಿತಿದ್ದನ್ನ ಲಕ್ಷಣದ ಪ್ರಕಾರ ಬರೀತಿದೀನಿ.

ಕ್ಯಾಲಿಪರ್ ಹೆಂಗೆ ಕೆಲಸ ಮಾಡುತ್ತೆ ಅಂತ ನಾಲ್ಕು ಮಾತು ಗೊತ್ತಿದ್ರೆ ಮುಂದಿಂದೆಲ್ಲ ಸುಲಭ. ನಮ್ಮ ಕಡೆ ಓಡಾಡೋ ಹಳೇ ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕು, ಹಿಂದೆ ಡ್ರಮ್ಮು. ಮುಂದಿನ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಂದೇ, ಅದೂ ಒಳಗಡೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಒತ್ತಡಕ್ಕೆ ಪಿಸ್ಟನ್ ಒಳಗಿನ ಪ್ಯಾಡನ್ನ ಡಿಸ್ಕಿಗೆ ತಳ್ಳುತ್ತೆ, ಆಮೇಲೆ ಇಡೀ ಕ್ಯಾಲಿಪರ್ ಬಾಡಿ ಎರಡು ಪಿನ್ ಮೇಲೆ ಜಾರಿ ಒಳಗೆ ಬಂದು ಹೊರಗಿನ ಪ್ಯಾಡನ್ನೂ ಎಳ್ಕೊಂಡು ಒತ್ತುತ್ತೆ. ಪೆಡಲ್ ಬಿಟ್ಟಾಗ ಪಿಸ್ಟನ್ನ ವಾಪಸ್ ಎಳೆಯಕ್ಕೆ ಸ್ಪ್ರಿಂಗ್ ಏನೂ ಇಲ್ಲ, ಪಿಸ್ಟನ್ ಸುತ್ತ ಇರೋ ಚೌಕ ಅಂಚಿನ ರಬ್ಬರ್ ಸೀಲ್ ಒತ್ತಿದಾಗ ಬಾಗಿ, ಬಿಟ್ಟಾಗ ತಾನಾಗೇ ನೆಟ್ಟಗಾಗಿ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತೆ, ಅಷ್ಟೇ. ಪಿನ್ ಒಣಗಿದ್ರೂ ಪಿಸ್ಟನ್ ತುಕ್ಕು ಹಿಡಿದ್ರೂ ಈ ಕೂದಲೆಳೆ ಸಂದು ಮಾಯ, ಪ್ಯಾಡ್ ಡಿಸ್ಕಿಗೆ ಉಜ್ಕೊಂಡೇ ಇರುತ್ತೆ. ಹಳೇ ಗಾಡಿ ಕ್ಯಾಲಿಪರ್ ಓಡಿ ಸವೆದು ಕೆಡೋದಕ್ಕಿಂತ ನಿಂತು ಒಣಗಿ ಕೆಡೋದೇ ಜಾಸ್ತಿ.

ಮೀಟರ್ ಗೀಟರ್ ಏನೂ ಬೇಡ. ಎಡಗಡೆ ಚಕ್ರಕ್ಕೆ ಬಲಗಡೆ ಚಕ್ರಾನೇ ಮೀಟರ್ರು. ಎರಡೂ ಒಂದೇ ಗಾಡೀದು, ಒಂದೇ ವಯಸ್ಸು, ಒಂದೇ ರೋಡು, ಹಂಗಾಗಿ ಎರಡಕ್ಕೂ ವ್ಯತ್ಯಾಸ ಕಂಡ್ರೆ ಅಲ್ಲೇ ಕಾಯಿಲೆ.

ಗಾಡಿ ಎತ್ತೋ ಮುಂಚೆ

ಗಟ್ಟಿ ನೆಲ, ಸಮ ನೆಲ ಬೇಕು. ನಾನು ಮೊದಲನೇ ಸಲ ಹೊಂಗೆ ಮರದ ಕೆಳಗೇ ಜಾಕಿ ಕೊಟ್ಟೆ, ಹಿಂದಿನ ದಿನ ಮಳೆ ಬಂದಿತ್ತು, ಜಾಕಿ ಕಣ್ಣೆದುರಿಗೇ ಕೆಮ್ಮಣ್ಣಲ್ಲಿ ಇಳೀತಾ ಹೋಯ್ತು, ಪುಣ್ಯಕ್ಕೆ ಚಕ್ರ ಇನ್ನೂ ಬಿಚ್ಚಿರ್ಲಿಲ್ಲ. ಹಿಂದಿನ ಚಕ್ರಕ್ಕೆ ಎರಡು ಕಡೆಯಿಂದಲೂ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಹಾಕಿ, ಜಾಕಿಯಿಂದ ಎತ್ತಿದ ಮೇಲೆ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬ್ಕೊಂಡು ಗಾಡಿ ಕೆಳಗೆ ಕೈಯೋ ತಲೆಯೋ ಹಾಕೋದು ಬೇಡವೇ ಬೇಡ. ಇಟ್ಟಿಗೆ, ಹಾಲೋ ಬ್ಲಾಕ್ ಕೊಡೋರನ್ನ ನೋಡಿದೀನಿ, ಅದು ಭಾರಕ್ಕೆ ಪಟ್ ಅಂತ ಪುಡಿಯಾಗುತ್ತೆ.

ಬ್ರೇಕ್ ಧೂಳನ್ನ ಬಾಯಲ್ಲಿ ಊದಬೇಡಿ, ಗಾಳಿ ಪೈಪಲ್ಲೂ ಊದಬೇಡಿ. ಹಳೇ ಪ್ಯಾಡ್‌ಗಳಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, ಶ್ವಾಸಕೋಶಕ್ಕೆ ಅದು ಕೆಟ್ಟದ್ದು. ಬ್ರೇಕ್ ಕ್ಲೀನರ್ ಹೊಡೆದು ಇಲ್ಲಾ ಒದ್ದೆ ಬಟ್ಟೇಲಿ ಒರೆಸಿ, ಮೂಗಿಗೆ ಮಾಸ್ಕ್ ಇರ್ಲಿ.

ಚಕ್ರ ಕಾಯುತ್ತೆ, ಸುಟ್ಟ ವಾಸನೆ ಬರುತ್ತೆ, ನ್ಯೂಟ್ರಲ್‌ನಲ್ಲಿ ಗಾಡಿ ಉರುಳಲ್ಲ

ಇದೇ ಜಾಸ್ತಿ ಜನಕ್ಕೆ ಬರೋ ತೊಂದರೆ. ಮೈಲೇಜ್ ಬಿದ್ದಿರುತ್ತೆ, ಇಳಿಜಾರಲ್ಲಿ ನ್ಯೂಟ್ರಲ್ ಹಾಕಿದ್ರೂ ಗಾಡಿ ಯಾರೋ ಹಿಂದಿಂದ ಹಿಡ್ಕೊಂಡಂಗೆ ನಿಲ್ಲುತ್ತೆ, ಒಂದೇ ಚಕ್ರದ ವೀಲ್ ಕಪ್ ಮೇಲೆ ಕರೀ ಪುಡಿ ಮೆತ್ಕೊಂಡಿರುತ್ತೆ.

ಮೊದಲು ದುಡ್ಡಿಲ್ಲದ ಪರೀಕ್ಷೆ. ನಂದಿ ಬೆಟ್ಟ ಇಳಿದು ಬಂದ ತಕ್ಷಣ ಚಕ್ರ ಮುಟ್ಟಿ ನೋಡಿ ಗಾಬರಿ ಆಗ್ಬೇಡಿ, 1,478 ಮೀಟರ್ ಎತ್ತರದಿಂದ ಆ ತಿರುವುಗಳಲ್ಲಿ ಇಳಿದ್ರೆ ಎಂಥಾ ಹೊಸ ಗಾಡೀದೂ ಕಾಯುತ್ತೆ, ಅದು ಕಾಯಿಲೆ ಅಲ್ಲ, ಎರಡನೇ ಗೇರಲ್ಲಿ ಇಳಿಸಿದ್ರೆ ಅಷ್ಟು ಕಾಯಲ್ಲ. ಪರೀಕ್ಷೆ ಮಾಡ್ಬೇಕು ಅಂದ್ರೆ ಸಮತಟ್ಟಾದ ರೋಡಲ್ಲಿ ಬೆಳಗ್ಗೆ ಟ್ರಾಫಿಕ್ ಇಲ್ಲದ ಹೊತ್ತಲ್ಲಿ ಐದಾರು ಕಿಲೋಮೀಟರ್ ಆದಷ್ಟು ಬ್ರೇಕ್ ಒತ್ತದೇ ಓಡಿಸಿ, ಗಾಡೀನ ತಾನಾಗೇ ನಿಧಾನ ಆಗೋಕೆ ಬಿಟ್ಟು ನಿಲ್ಲಿಸಿ, ಇಳಿದು ಚಕ್ರದ ಹತ್ರ ಅಂಗೈ ಹಿಂಬದಿ ಹಿಡೀರಿ. ಮುಟ್ಟಬೇಡಿ, ಹತ್ರ ಹಿಡಿದ್ರೆ ಸಾಕು, ಕಾವು ಗೊತ್ತಾಗುತ್ತೆ. ಎಡ ಬಲ ಎರಡೂ ಬೆಚ್ಚಗಿದ್ರೆ ಸರಿ. ಒಂದು ಬೆಚ್ಚಗೆ ಇನ್ನೊಂದು ಒಲೆ ಥರ ಇದ್ರೆ ಆ ಕಡೆ ಕ್ಯಾಲಿಪರ್ ಬಿಡ್ತಿಲ್ಲ. ಕಾದ ಡಿಸ್ಕಿಗೆ ತಣ್ಣಗಾಗ್ಲಿ ಅಂತ ಬಾಟ್ಲಿ ನೀರು ಎರಚಬೇಡಿ, ಸೀಳು ಬಿಡಬಹುದು, ಸೊಟ್ಟ ಆಗಬಹುದು.

ನಾಲ್ಕೂ ಚಕ್ರ ಕಾದಿದ್ರೆ ಅದು ಕ್ಯಾಲಿಪರ್ ಕಥೆ ಅಲ್ಲ. ಮೊದಲು ಕಾಲ್ಕೆಳಗಿನ ಮ್ಯಾಟ್ ನೋಡಿ, ಪೆಡಲ್ ಹಿಂದೆ ಮಡಚ್ಕೊಂಡಿದ್ಯಾ ಅಂತ. ನಗಬೇಡಿ, ಆಗಿರೋದನ್ನ ನೋಡಿದೀನಿ. ಆಮೇಲೆ ಪೆಡಲ್ ಮೇಲೆ ಬೆರಳಿಟ್ಟು ಒತ್ತಿ, ಭಾರ ಸಿಗೋ ಮುಂಚೆ ಚೂರು ಸಡಿಲ ಇರ್ಬೇಕು, ಇಲ್ಲಾಂದ್ರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಪೂರ್ತಿ ಹಿಂದಕ್ಕೆ ಬರ್ತಿಲ್ಲ, ಆಯಿಲ್ ವಾಪಸ್ ಹೋಗೋ ಸಣ್ಣ ತೂತು ಮುಚ್ಕೊಂಡೇ ಇರುತ್ತೆ. ಅದನ್ನ ಮೆಕ್ಯಾನಿಕ್ಕಿಗೇ ಬಿಡಿ. ಹಿಂದಿನ ಚಕ್ರ ಮಾತ್ರ ಕಾದಿದ್ರೆ ಹ್ಯಾಂಡ್ ಬ್ರೇಕ್ ಕೇಬಲ್ ನೋಡಿ.

ಒಂದು ಮುಂದಿನ ಚಕ್ರ ಮಾತ್ರ ಕಾದಿದೆ ಅಂತಾದ್ರೆ ಪೂರ್ತಿ ತಣ್ಣಗಾದ ಮೇಲೆ ಎತ್ತಿ ಕೈಲಿ ತಿರುಗಿಸಿ. ಚಿಕ್ಕದಾಗಿ ಸರಸರ ಅಂತ ಉಜ್ಕೊಂಡು ತಿರುಗಿದ್ರೆ ಪರವಾಗಿಲ್ಲ. ಎರಡು ಕೈ ಹಾಕಿ ತಿರುಗಿಸಬೇಕು ಅಂದ್ರೆ ಚಕ್ರ ಬಿಚ್ಚಿ, ಕ್ಯಾಲಿಪರ್ ಬಾಡೀನ ಹಿಡಿದು ಒಳಗೆ ಹೊರಗೆ ಆಡಿಸಿ. ಮಿಲಿಮೀಟರ್‌ನಷ್ಟಾದ್ರೂ ನುಣ್ಣಗೆ ಜಾರಬೇಕು. ಜಾರದೇ ಇದ್ರೆ ಪಿನ್ ಹಿಡ್ಕೊಂಡಿದೆ, ಅದೇ ಅಗ್ಗದ ರೋಗ, ಮುಂದೆ ಬರುತ್ತೆ. ಪಿನ್ ಜಾರ್ತಿದೆ, ಆದ್ರೂ ಚಕ್ರ ತಿರುಗಲ್ಲ ಅಂದ್ರೆ ಎರಡೇ ಅನುಮಾನ: ಪಿಸ್ಟನ್ನು ಇಲ್ಲಾ ಕ್ಯಾಲಿಪರಿಗೆ ಬ್ರೇಕ್ ಆಯಿಲ್ ತರೋ ರಬ್ಬರ್ ಹೋಸ್.

ಇವೆರಡರಲ್ಲಿ ಯಾವುದು ಅಂತ ತಿಳ್ಕೊಳೋ ಉಪಾಯ ಚೆನ್ನಾಗಿದೆ. ಒಬ್ಬರು ಪೆಡಲ್ ಜೋರಾಗಿ ಒತ್ತಿ ಬಿಡ್ಲಿ. ಚಕ್ರ ಬಿಗಿ ಇರೋವಾಗ್ಲೇ ಕ್ಯಾಲಿಪರ್ ಮೇಲಿರೋ ಏರ್ ತೆಗೆಯೋ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ಬಾಟ್ಲಿಗೆ ಬಿಟ್ಟು ಕಾಲು ಸುತ್ತು ಸಡಿಲ ಮಾಡಿ. ಪಿಚಕ್ ಅಂತ ಆಯಿಲ್ ಹಾರಿ ಚಕ್ರ ಸಡಿಲ ಆಯ್ತು ಅಂದ್ರೆ ಪಿಸ್ಟನ್ ಸರಿ ಇದೆ, ಒತ್ತಡ ಮೇಲಕ್ಕೆ ವಾಪಸ್ ಹೋಗಕ್ಕೆ ದಾರಿ ಸಿಗದೇ ಕೂತಿತ್ತು. ಹಳೇ ಹೋಸ್ ಹೊರಗೆ ಹೊಸದರ ಥರ ಕಂಡ್ರೂ ಒಳಗಿನ ಪದರ ಊದ್ಕೊಂಡು ಒಂದೇ ಕಡೆಗೆ ತೆರೆಯೋ ಬಾಗಿಲಾಗಿರುತ್ತೆ, ಕಾಲಿನ ಬಲಕ್ಕೆ ಆಯಿಲ್ ಹೋಗುತ್ತೆ, ವಾಪಸ್ ಬರಲ್ಲ. ಹೋಸ್ ಎರಡೂ ಕಡೆದು ಬದಲಾಯಿಸಿಬಿಡಿ, ಒಂದು ಹೋದ್ರೆ ಇನ್ನೊಂದರ ವಯಸ್ಸೂ ಅಷ್ಟೇ ಅಲ್ವಾ. ನಿಪ್ಪಲ್ ಸಡಿಲ ಮಾಡಿದ್ರೂ ಚಕ್ರ ಬಿಗಿಯಾಗೇ ಇದ್ರೆ ಪಿಸ್ಟನ್ ಜಾಮ್.

ಹುಷಾರು, ಹಳೇ ನಿಪ್ಪಲ್ ತುಕ್ಕಲ್ಲಿ ಕೂತಿರುತ್ತೆ. ಹಿಂದಿನ ರಾತ್ರೀನೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಟ್ಟು, ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಹಾಕಿ, ಓಪನ್ ಸ್ಪ್ಯಾನರ್ ಹಾಕಿದ್ರೆ ಮೂಲೆ ಉರುಳುತ್ತೆ. ಬರದೇ ಇದ್ರೆ ಬಲ ಹಾಕ್ಬೇಡಿ, ನಿಪ್ಪಲ್ ಮುರಿದು ಒಳಗುಳಿದ್ರೆ ಕ್ಯಾಲಿಪರ್ರೇ ಹೋಯ್ತು.

ಬ್ರೇಕ್ ಒತ್ತಿದ್ರೆ ಗಾಡಿ ಒಂದ್ಕಡೆ ಎಳೆಯುತ್ತೆ

ಮೊದಲು ಟಯರ್ ಗಾಳಿ ಚೆಕ್ ಮಾಡ್ಸಿ. ಎರಡು ಮುಂದಿನ ಟಯರ್ ಒಂದೇ ಥರದವಾ, ಸವೆತ ಒಂದೇ ಥರ ಇದ್ಯಾ ನೋಡಿ. ಪೆಟ್ರೋಲ್ ಬಂಕಲ್ಲಿ ಮುಗಿಯೋ ಕೆಲಸಕ್ಕೆ ಕ್ಯಾಲಿಪರ್ ಬಿಚ್ಚಿದ್ರೆ ಹೊಟ್ಟೆ ಉರಿಯುತ್ತೆ.

ಗಾಳಿ ಸರಿ ಇದ್ರೆ ಇದನ್ನ ನೆನಪಲ್ಲಿಡಿ: ಬ್ರೇಕ್ ಒತ್ತಿದಾಗ ಮಾತ್ರ ಬಲಕ್ಕೆ ಎಳೆದ್ರೆ ಅನುಮಾನ ಎಡಗಡೆ ಮೇಲೆ, ಯಾಕಂದ್ರೆ ಬಲಗಡೆ ಸರಿಯಾಗಿ ಹಿಡೀತಿದೆ, ಎಡಗಡೆ ಹಿಡೀತಿಲ್ಲ. ಬ್ರೇಕ್ ಒತ್ತದೇ ಇದ್ದಾಗ್ಲೂ ಬಲಕ್ಕೆ ಎಳೆದ್ರೆ ಬಲಗಡೇನೇ ಉಜ್ಕೊಳ್ತಿದೆ, ಅಲೈನ್‌ಮೆಂಟ್ ಕೂಡ ಇರಬಹುದು, ಮೇಲಿನ ಕಾವಿನ ಪರೀಕ್ಷೆ ಮಾಡಿದ್ರೆ ಯಾವುದು ಅಂತ ಗೊತ್ತಾಗುತ್ತೆ. ಸುಮಾರು ಜನ ಎಳೆಯೋ ಕಡೆ ಕ್ಯಾಲಿಪರ್ ಬಿಚ್ಚಿ, ಸರಿ ಇರೋದನ್ನ ಕೆಡಿಸಿ ಕೂರ್ತಾರೆ.

ಹಿಡೀದೇ ಇರೋ ಕಡೆ ಪ್ಯಾಡ್ ಮೇಲೆ ಎಣ್ಣೆ ಹೊಳಪು ಇದ್ಯಾ ನೋಡಿ. ಕ್ಯಾಲಿಪರ್ ಸೀಲಿಂದ ಬ್ರೇಕ್ ಆಯಿಲ್ ಸೋರಿರಬಹುದು, ಆಕ್ಸಲ್ ಬೂಟ್ ಹರಿದು ಗ್ರೀಸ್ ಸಿಡಿದಿರಬಹುದು. ಎಣ್ಣೆ ಕುಡಿದ ಪ್ಯಾಡನ್ನ ಪೆಟ್ರೋಲಲ್ಲಿ ತೊಳೆದು ಎಮ್ರಿ ಪೇಪರ್ ಹಾಕಿ ವಾಪಸ್ ಕೂರಿಸೋದು ಸುಮ್ನೆ ಸಮಾಧಾನಕ್ಕೆ. ಸೋರಿಕೆ ನಿಲ್ಲಿಸಿ, ಎರಡೂ ಚಕ್ರದ ಪ್ಯಾಡ್ ಹೊಸದು ಹಾಕಿ.

ಪ್ಯಾಡ್ ಒಂದೊಂದು ಒಂದೊಂದು ಥರ ಸವೆದಿದೆ

ಗ್ಯಾರೇಜಲ್ಲಿ ಹಳೇ ಪ್ಯಾಡ್ ಬಿಸಾಕೋ ಮುಂಚೆ ಕೇಳಿ ಈಸ್ಕೊಳ್ಳಿ, ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿ, ಜಾತಕ ಓದಿದಂಗೆ ಓದಬಹುದು. ಮೂರು ಸಲ ನಾನು ಇದನ್ನ ಮಾಡ್ಲಿಲ್ಲ, ಮಾಡಿದ್ರೆ ಮೊದಲನೇ ಸಲಾನೇ ಗೊತ್ತಾಗೋದು.

ಒಳಗಿನದು ಸವೆದು ಹೊರಗಿನದು ಹೊಸದರಂಗಿದ್ರೆ ಬಾಡಿ ಜಾರ್ತಿಲ್ಲ, ಪಿನ್ ಹಿಡ್ಕೊಂಡಿದೆ. ಪಿಸ್ಟನ್ ವಾಪಸ್ ಹೋಗದೇ ಇದ್ರೂ ಒಳಗಿನದು ಬೇಗ ಸವೆಯುತ್ತೆ, ಹಂಗಾಗಿ ಪಿನ್ ಸರಿ ಮಾಡಿದ ಮೇಲೂ ಅದೇ ಆದ್ರೆ ಪಿಸ್ಟನ್ ನೋಡ್ಬೇಕು. ಒಂದು ಚಕ್ರದ ಎರಡೂ ಪ್ಯಾಡ್ ಸಮವಾಗಿ ತೀರಿ ಇನ್ನೊಂದು ಚಕ್ರದ್ದು ಹಾಗೇ ಇದ್ರೆ ಬಾಡಿ ಜಾರ್ತಿದೆ ಆದ್ರೆ ಒತ್ತಡ ಬಿಡ್ತಿಲ್ಲ, ಹೋಸ್ ಅಥವಾ ಪಿಸ್ಟನ್. ಒಂದೇ ಪ್ಯಾಡ್ ಒಂದು ತುದೀಲಿ ದಪ್ಪ ಇನ್ನೊಂದು ತುದೀಲಿ ತೆಳ್ಳಗೆ, ಬೆಣೆ ಥರ ಇದ್ರೆ ಎರಡು ಪಿನ್ನಲ್ಲಿ ಒಂದು ಮಾತ್ರ ಹಿಡ್ಕೊಂಡಿರುತ್ತೆ, ಇಲ್ಲಾ ಪ್ಯಾಡಿನ ಕಿವಿ (ಎರಡು ತುದೀಲಿರೋ ಚಾಚು) ಅದು ಕೂರೋ ಬ್ರಾಕೆಟ್ ತುಕ್ಕಲ್ಲಿ ಸಿಕ್ಕೊಂಡಿರುತ್ತೆ.

ಉಜ್ಜೋ ಮೆಟೀರಿಯಲ್ಲು, ಹಿಂದಿನ ತಗಡು ಬಿಟ್ಟು, 3 ಮಿಲಿಮೀಟರ್ ಹತ್ರ ಬಂದ್ರೆ ಬದಲಾಯಿಸಿ. ಡಿಸ್ಕ್ ಎಷ್ಟು ತೆಳ್ಳಗಾಗಬಹುದು ಅನ್ನೋ ಲೆಕ್ಕ ಸಾಮಾನ್ಯವಾಗಿ ಡಿಸ್ಕ್ ಮೇಲೇ ಅಚ್ಚು ಹಾಕಿರ್ತಾರೆ, ಅದಕ್ಕಿಂತ ಕಮ್ಮಿ ಆಗಿದ್ರೆ ಲೇತ್ ಕೆಲಸ ಬೇಡ, ಹೊಸ ಡಿಸ್ಕೇ.

ಕೀಚ್ ಕೀಚ್, ಟಕ್ ಟಕ್, ಗರಗರ

ಬೆಳಗ್ಗೆ ಮೊದಲನೇ ಎರಡು ಮೂರು ಬ್ರೇಕಿಗೆ ಗರಗರ ಅಂದು ಆಮೇಲೆ ನಿಂತ್ರೆ ಅದು ರಾತ್ರಿ ಇಬ್ಬನಿಗೆ ಡಿಸ್ಕ್ ಮೇಲೆ ಬಂದ ತುಕ್ಕು. ನಮ್ಮೂರ ಚಳಿಗಾಲದ ಮಂಜಲ್ಲಿ ಇದು ದಿನಾ ಇದ್ದದ್ದೇ, ಬಿಟ್ಟಾಕಿ. ಕೀಚ್ ಅನ್ನೋದು ನಿಲ್ಲದೇ ಇದ್ರೆ ಪ್ಯಾಡ್ ನೋಡಿ, ಕೆಲವು ಪ್ಯಾಡಿಗೆ ಸಣ್ಣ ತಗಡಿನ ನಾಲಿಗೆ ಇರುತ್ತೆ, ಪ್ಯಾಡ್ ತೀರಿದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತೆ, ಎಚ್ಚರಿಸೋದಕ್ಕೇ ಇಟ್ಟಿರೋದು. ಗುಂಡಿ ಹಾರಿದಾಗ ಟಕ್ ಟಕ್ ಅಂದು ಬ್ರೇಕ್ ಮೇಲೆ ಕಾಲಿಟ್ಟ ತಕ್ಷಣ ನಿಂತ್ರೆ ಪ್ಯಾಡ್ ಕ್ಲಿಪ್ ಬಿದ್ದೋಗಿದೆ ಇಲ್ಲಾ ಕ್ಯಾಲಿಪರ್ ಬೋಲ್ಟ್ ಸಡಿಲ ಆಗಿದೆ, ಬೋಲ್ಟನ್ನ ಅವತ್ತೇ ನೋಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜೋ ಸದ್ದು ಬ್ರೇಕ್ ಒತ್ತಿದಾಗೆಲ್ಲ ಬಂದ್ರೆ ಪ್ಯಾಡ್ ತೀರಿ ತಗಡು ಡಿಸ್ಕನ್ನ ತಿಂತಿದೆ, ಗಾಡಿ ಅಲ್ಲೇ ನಿಲ್ಲಿಸಿ.

ಬ್ರೇಕ್ ಒತ್ತಿದಾಗ ಪೆಡಲ್, ಸ್ಟೇರಿಂಗ್ ನಡುಗಿದ್ರೆ ಸಾಮಾನ್ಯವಾಗಿ ಡಿಸ್ಕ್ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿರುತ್ತೆ. ಡಿಸ್ಕ್ ಹಾಕ್ಸಿ ಕೈ ತೊಳ್ಕೊಬೇಡಿ, ಅದು ಹಂಗಾಗಿದ್ದು ಹಿಡ್ಕೊಂಡ ಕ್ಯಾಲಿಪರ್ ಕಾಯಿಸಿದ್ದಕ್ಕೇ ಇರಬಹುದು.

ಪೆಡಲ್ ಮೆತ್ತಗಾಗಿದೆ, ಒಳಗೆ ಹೋಗುತ್ತೆ, ಆಯಿಲ್ ಕಮ್ಮಿ ಆಗಿದೆ

ಇಲ್ಲಿ ಆಟ ಬೇಡ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ವರ್ಷದಲ್ಲಿ ನಿಧಾನಕ್ಕೆ ಇಳಿದಿದ್ರೆ ಪ್ಯಾಡ್ ಸವೆದಿರೋದಕ್ಕೆ ಇರಬಹುದು, ವಾರದಲ್ಲಿ ಇಳಿದ್ರೆ ಎಲ್ಲೋ ಸೋರ್ತಿದೆ. ಚಕ್ರದ ಒಳಮೈ, ಹೋಸ್ ಸೇರೋ ಜಾಗ, ಪಿಸ್ಟನ್ ಬೂಟ್ ಕೆಳಗೆ ಒದ್ದೆ ಇದ್ರೆ ಗಾಡಿ ಓಡಿಸಬೇಡಿ, ಟೋ ಮಾಡ್ಸಿ. ಕಾಲು ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ತಳಕ್ಕೆ ಇಳಿದ್ರೂ ಹೊರಗೆಲ್ಲೂ ಒದ್ದೆ ಇಲ್ಲ ಅಂದ್ರೆ ಮಾಸ್ಟರ್ ಸಿಲಿಂಡರ್ ಒಳಗೇ ಸೋರ್ತಿದೆ, ಅದೂ ಓಡಿಸೋ ಗಾಡಿ ಅಲ್ಲ. ಸ್ಪಂಜ್ ಥರ ಇದ್ದು ಎರಡು ಮೂರು ಸಲ ಪಂಪ್ ಮಾಡಿದ್ರೆ ಗಟ್ಟಿ ಆದ್ರೆ ಗಾಳಿ ಸೇರಿರೋ ಹಾಗಿದೆ, ಏರ್ ತೆಗೀಬೇಕು.

ನಾವೆಲ್ಲ "ಬ್ರೇಕ್ ಆಯಿಲ್" ಅಂತೀವಲ್ಲ, ಆ ಹೆಸರೇ ಎಡವಟ್ಟು. ಅದು ಆಯಿಲ್ ಅಲ್ಲವೇ ಅಲ್ಲ, ಗ್ಲೈಕಾಲ್ ದ್ರವ. ಯಾರೋ ಪುಣ್ಯಾತ್ಮರು ಆಯಿಲ್ ತಾನೇ ಅಂತ ಎಂಜಿನ್ ಆಯಿಲ್ಲೋ ಪವರ್ ಸ್ಟೇರಿಂಗ್ ಆಯಿಲ್ಲೋ ಸುರಿದ್ರೆ ಬ್ರೇಕಿನ ಅಷ್ಟೂ ರಬ್ಬರ್ ಊದ್ಕೊಂಡು ನಾಲ್ಕೂ ಚಕ್ರ ಹಿಡಿಯುತ್ತೆ. ಡಬ್ಬಿ ಮುಚ್ಚಳದ ರಬ್ಬರ್ ಉಬ್ಬಿ ಸೊಟ್ಟಗಾಗಿದ್ರೆ ಇದೇ ಗುರುತು, ಆಗ ಒಂದು ಕ್ಯಾಲಿಪರ್ ಸರಿ ಮಾಡಿ ಉಪಯೋಗ ಇಲ್ಲ, ಎಲ್ಲಾ ರಬ್ಬರ್ ಬದಲಾಯಿಸ್ಬೇಕು.

ಈ ದ್ರವ ಗಾಳಿಯಿಂದ ನೀರು ಹೀರ್ಕೊಳುತ್ತೆ. ಡಾಟ್ ಅನ್ನೋದು ಇದರ ದರ್ಜೆ, ಡಾಟ್ 3 ಹೊಸದಾಗಿದ್ದಾಗ 205 ಡಿಗ್ರಿ ತನಕ ಕುದಿಯಲ್ಲ, ನೀರು ಕುಡಿದ ಮೇಲೆ ಆ ಮಿತಿ 140ಕ್ಕೆ ಇಳೀಬಹುದು. ಡಾಟ್ 4 ಆದ್ರೆ 230, 155. ಬೆಟ್ಟ ಇಳಿಯೋವಾಗ ಒಳಗೆ ಕುದ್ರೆ ಗುಳ್ಳೆ ಎದ್ದು ಪೆಡಲ್ ಸೀದಾ ತಳಕ್ಕೆ. ಅದೇ ನೀರು ಪಿಸ್ಟನ್ನಿಗೆ ತುಕ್ಕು ಹಿಡಿಸೋದೂ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಮುಚ್ಚಳದ ಮೇಲೆ ಬರೆದಿರೋದನ್ನೇ ಹಾಕಿ. ಡಾಟ್ 5 ಸಿಲಿಕೋನ್‌ದು, ಅದನ್ನ ಇದರ ಜೊತೆ ಬೆರೆಸಬಾರದು. ಪೇಂಟ್ ಮೇಲೆ ಬಿದ್ರೆ ತಕ್ಷಣ ನೀರು ಹಾಕಿ ತೊಳೀರಿ, ಬಣ್ಣ ಏಳುತ್ತೆ.

ಪಿನ್ ಬಿಡಿಸೋದು

ಕೆಳಗಿನ ಬೋಲ್ಟ್ ಬಿಚ್ಚಿ ಬಾಡೀನ ಮೇಲಕ್ಕೆ ತಿರುಗಿಸಿದ್ರೆ ಸುಮಾರು ಗಾಡೀಲಿ ಪ್ಯಾಡ್ ಕಾಣುತ್ತೆ. ಪೂರ್ತಿ ಬಿಚ್ಚಿದ್ರೆ ಕ್ಯಾಲಿಪರ್ರನ್ನ ಹೋಸ್ ಮೇಲೆ ನೇತಾಡಿಸಬೇಡಿ, ಕಟ್ಟೋ ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಪ್ಯಾಡ್ ಇಲ್ಲದಾಗ ಯಾರೂ ಪೆಡಲ್ ಮುಟ್ಟಬಾರದು, ಪಿಸ್ಟನ್ ಹೊರಗೆ ಬಂದುಬಿಡುತ್ತೆ. ಮನೇಲಿ ಮಕ್ಕಳಿದ್ರೆ ಬಾಗಿಲು ಲಾಕ್ ಮಾಡಿ.

ನನ್ನ ಎಡಗಡೆ ಮೇಲಿನ ಪಿನ್ ತಿರುಗಿಸಿ ತಿರುಗಿಸಿ ಎಳೆದಾಗ ಅದರ ಮೈಯೆಲ್ಲ ಹಳೇ ಬೆಲ್ಲದ ಪಾಕದ ಥರ ಕಂದು ಅಂಟು, ಅದರೊಳಗೆ ನುಣ್ಣನೆ ಕೆಮ್ಮಣ್ಣು. ರಬ್ಬರ್ ಬೂಟಿನ ಮಡಿಕೇಲಿ ಉಗುರಿನಷ್ಟು ಹರಿದಿತ್ತು, ನೀರು ಮಣ್ಣು ಎಲ್ಲಾ ಅಲ್ಲಿಂದಲೇ ನುಗ್ಗಿದ್ದು. ಕೆಳಗಿನ ಪಿನ್ ಬೂಟ್ ಸರಿ ಇತ್ತು, ಅದು ಬೆರಳಲ್ಲಿ ಎಳೆದ್ರೂ ಬಂತು.

ಪಿನ್ನು, ಅದು ಕೂರೋ ತೂತು ಎರಡನ್ನೂ ಬ್ರೇಕ್ ಕ್ಲೀನರಲ್ಲಿ ತೊಳೆದು ಒರೆಸಿ. ಪಿನ್ ಮೇಲೆ ಗುಳಿ ಬಿದ್ದಿದ್ರೆ ಹೊಸದು ತಗೊಳ್ಳಿ, ಮೇಲಿಂದು ಕೆಳಗಿಂದು ಬೇರೆ ಬೇರೆ ಇರಬಹುದು, ಅದಲು ಬದಲು ಮಾಡ್ಬೇಡಿ. ಹಚ್ಚೋ ಗ್ರೀಸ್ ಸಿಲಿಕೋನ್ ಬ್ರೇಕ್ ಗ್ರೀಸೇ ಆಗಿರ್ಬೇಕು. ಬೇರಿಂಗ್ ಗ್ರೀಸ್, ಎಂಜಿನ್ ಆಯಿಲ್ ಹಚ್ಚಿದ್ರೆ ಬೂಟ್ ಊದಿ ಪಿನ್ ಮತ್ತೆ ಹಿಡಿಯುತ್ತೆ. ತೆಳ್ಳಗೆ ಹಚ್ಚಿ ಸಾಕು, ದೋಸೆಗೆ ಬೆಣ್ಣೆ ಹಾಕ್ದಂಗೆ ಬೇಡ, ಜಾಸ್ತಿ ಆದ್ರೆ ಒಳಗೆ ಗಾಳಿ ಸಿಕ್ಕೊಂಡು ಪಿನ್ ಕೂರಲ್ಲ. ಬ್ರಾಕೆಟ್ಟಲ್ಲಿ ಪ್ಯಾಡ್ ಕಿವಿ ಕೂರೋ ಜಾಗನ ವೈರ್ ಬ್ರಷ್ಷಲ್ಲಿ ಉಜ್ಜಿ. ಪ್ಯಾಡ್ ಉಜ್ಜೋ ಮುಖಕ್ಕಾಗ್ಲಿ ಡಿಸ್ಕಿಗಾಗ್ಲಿ ಗ್ರೀಸ್ ಬೆರಳು ಸೋಕಬಾರದು.

ಪಿಸ್ಟನ್ನ ಒಳಗೆ ತಳ್ಳೋಕೆ ಸಿ ಕ್ಲಾಂಪ್ ಸಾಕು, ಹಳೇ ಪ್ಯಾಡ್ ಅಡ್ಡ ಇಟ್ಟು ನಿಧಾನಕ್ಕೆ ಬಿಗಿ ಮಾಡಿ, ಮೇಲೆ ಡಬ್ಬಿ ಉಕ್ಕುತ್ತಾ ನೋಡ್ತಿರಿ. ನುಣ್ಣಗೆ ಒಳಗೆ ಹೋದ್ರೆ ಆಯ್ತು. ಹಿಂದೆ ಡಿಸ್ಕಿದ್ದು ಹ್ಯಾಂಡ್ ಬ್ರೇಕೂ ಅದೇ ಕ್ಯಾಲಿಪರಲ್ಲಿರೋ ಗಾಡೀಲಿ ಸಾಮಾನ್ಯವಾಗಿ ಪಿಸ್ಟನ್ನ ತಿರುಗಿಸ್ತಾ ಒಳಗೆ ಹಾಕ್ಬೇಕು, ಅಲ್ಲಿ ಸುಮ್ನೆ ಒತ್ತಿದ್ರೆ ಒಳಗಿನದು ಮುರಿಯುತ್ತೆ. ಕ್ಲಾಂಪಿಗೂ ಬಗ್ಗದ ಪಿಸ್ಟನ್ನು, ಹರಿದ ಪಿಸ್ಟನ್ ಬೂಟು ಕಂಡ್ರೆ ನಾನು ಅಲ್ಲಿಗೆ ನಿಲ್ಲಿಸಿ ಮೇಸ್ತ್ರಿ ಹತ್ರ ಹೋಗ್ತೀನಿ. ಪಿಸ್ಟನ್ ತೆಗೆಯೋಕೆ ಗಾಳಿ ಒತ್ತಡ ಹಾಕ್ತಾರೆ, ಅದು ಗುಂಡಿನ ಥರ ಹಾರಿದ್ರೆ ಮುಂದೆ ಇಟ್ಟಿರೋ ಬೆರಳು ಉಳಿಯಲ್ಲ. ಪಿಸ್ಟನ್ ಮೈ ನುಣ್ಣಗಿದ್ರೆ ಸೀಲ್ ಕಿಟ್ ಹಾಕ್ಸಿ, ಸೀಲ್ ಕೂರೋ ಜಾಗದಲ್ಲಿ ಪಾಲಿಶ್ ಎದ್ದು ಗುಳಿ ಬಿದ್ದಿದ್ರೆ ಕಿಟ್ ದಂಡ, ಪಿಸ್ಟನ್ನೋ ಇಡೀ ಕ್ಯಾಲಿಪರ್ರೋ ಹೊಸದು. ಗುಜರಿ ಕ್ಯಾಲಿಪರ್ ತಂದು ಹಂಗೇ ಹಾಕೋದು ಬೇಡ, ಅದೂ ಎಲ್ಲೋ ನಿಂತು ಒಣಗಿದ್ದೇ.

ಚಕ್ರ ಹಾಕಿ, ಬೋಲ್ಟ್‌ಗಳನ್ನ ನಿಮ್ಮ ಗಾಡಿ ಮ್ಯಾನ್ಯುಯಲ್ಲಲ್ಲಿರೋ ಟಾರ್ಕಿಗೆ ಬಿಗಿ ಮಾಡಿ, ಗಾಡಿ ಇಳಿಸಿದ್ರಿ. ಈಗ್ಲೇ ಸ್ಟಾರ್ಟ್ ಮಾಡಿ ಹೊರಡಬೇಡಿ! ಪಿಸ್ಟನ್ ಒಳಗೆ ತಳ್ಳಿದೀರಲ್ಲ, ಮೊದಲನೇ ಸಲ ಪೆಡಲ್ ತಳಕ್ಕೆ ಹೋಗುತ್ತೆ, ಬ್ರೇಕೇ ಇರಲ್ಲ. ನಿಂತಲ್ಲೇ ಗಟ್ಟಿ ಆಗೋ ತನಕ ಪಂಪ್ ಮಾಡಿ, ಡಬ್ಬಿ ಲೆವೆಲ್ ನೋಡಿ, ಆಮೇಲೆ ಖಾಲಿ ಜಾಗದಲ್ಲಿ ನಡಿಗೆ ವೇಗದಲ್ಲಿ ಎರಡು ಮೂರು ಸಲ ನಿಲ್ಲಿಸಿ ನೋಡಿ. ಹೊಸ ಪ್ಯಾಡಾದ್ರೆ ಮೊದಲ ಒಂದೆರಡು ದಿನ ಬೆಟ್ಟದ ಕಡೆ ಹೋಗ್ಬೇಡಿ, ಸಾಧಾರಣ ವೇಗದಿಂದ ನಿಧಾನ ಮಾಡ್ತಾ, ಮಧ್ಯೆ ಆರೋಕೆ ಬಿಡ್ತಾ ಕೂರಿಸ್ಕೊಳ್ಳಿ.

ನಾನು ಪಿನ್ ಸರಿ ಮಾಡಿದ ಮರುದಿನ ಶಿಡ್ಲಘಟ್ಟಕ್ಕೆ ಹೋಗಿ ಇಳಿದಾಗ ಎರಡು ಚಕ್ರದ ಹತ್ರಾನೂ ಕೈ ಹಿಡಿದು ನೋಡ್ತಿದ್ದೆ, ಅಂಗಡಿ ಮುಂದೆ ಕೂತಿದ್ದೋರು "ಏನಣ್ಣ, ಚಳಿ ಕಾಯಿಸ್ಕೊಳ್ತಿದ್ಯಾ?" ಅಂದ್ರು. ಕಾಯಿಸ್ಕೊಳೋಷ್ಟು ಬಿಸಿ ಯಾವ ಕಡೇಲೂ ಇರ್ಲಿಲ್ಲ.